ಹಳ್ಳಿಯ ಮಗುವಿಗೆ ವಿದ್ಯಾಮಂದಿರದ ಬಾಗಿಲು ತೆರೆದ ಉಪಕುಲಪತಿ

ನಮ್ಮ ದೇವಾಲಯದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಇಲ್ಲಿ ಸೇವೆ ಸಲ್ಲಿಸಿದ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಉಪದೇಶಿಗಳನ್ನೂ ಧರ್ಮಕೇಂದ್ರವನ್ನು ಬೆಳೆಸಿದ ಹಿರಿಯರನ್ನೂ ನೆನೆಯುವುದು ಸಹಜ, ಯುಕ್ತ. ಅವರ ಸಾಲಿನಲ್ಲಿ ನಮ್ಮ ಧರ್ಮಸಭೆಗೆ ಸೇರದ ಒಬ್ಬ ಮಹನೀಯರ ಜೀವನವನ್ನು ನಿರೂಪಿಸಲು ಹೊರಟಿರುವುದನ್ನು ಕಂಡು ಕೆಲವರಿಗೆ ಅಚ್ಚರಿಯಾಗಬಹುದು. ಆದರೆ ಒಂದು ಧರ್ಮಕೇಂದ್ರದ ನೂರು ವರ್ಷಗಳ ಕಥೆಯೆಂದರೆ ಅಲ್ಲಿನ ಮಕ್ಕಳು ಅಕ್ಷರ ಕಲಿತ ಕಥೆಯೂ ಹೌದು. ಹಳ್ಳಿಯ ಮನೆಯಿಂದ ಹೊರಟ ಮಗು ಪ್ರಾಥಮಿಕ ಶಾಲೆ, ಪ್ರೌಢಶಾಲೆಗಳನ್ನು ದಾಟಿ ಕಾಲೇಜಿನ ಬಾಗಿಲಿಗೆ ಬಂದಾಗ ಆ ಬಾಗಿಲು ಅದಕ್ಕೆ ತೆರೆಯಿತೇ ಇಲ್ಲವೇ ಎಂಬ ಪ್ರಶ್ನೆ ನಮ್ಮ ಶೆಟ್ಟಿಹಳ್ಳಿಯ ಎಷ್ಟೋ ಕುಟುಂಬಗಳ ಭವಿಷ್ಯವನ್ನು ನಿರ್ಧರಿಸಿದ ಪ್ರಶ್ನೆ. ಆ ಬಾಗಿಲನ್ನು ಅಗಲವಾಗಿ ತೆರೆಯಲು ಶ್ರಮಿಸಿದವರಲ್ಲಿ ಅಗ್ರಗಣ್ಯರು ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು. ಕನ್ನಡ ನಾಡು ಅವರನ್ನು ಕುವೆಂಪು ಎಂದು ಅರಿತಿದೆ.

ಅವರನ್ನು ಕವಿಯೆಂದು ಅರಿಯದವರಿಲ್ಲ. ಆದರೆ 1956ರಿಂದ 1960ರವರೆಗೆ ಅವರು ವಿಶ್ವವಿದ್ಯಾನಿಲಯದ ಚುಕ್ಕಾಣಿ ಹಿಡಿದು ಮಾಡಿದ ಕಾರ್ಯವನ್ನು ಅರಿತವರು ವಿರಳ. ಆ ನಾಲ್ಕು ವರ್ಷಗಳನ್ನು ಕುರಿತೇ ನಾವು ಇಲ್ಲಿ ವಿಶೇಷವಾಗಿ ಹೇಳಬಯಸುತ್ತೇವೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಕುವೆಂಪುರವರು 1904ರ ಡಿಸೆಂಬರ್ 29ರಂದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರುಮನೆಯಲ್ಲಿ ಜನಿಸಿದರು. ತಂದೆ ವೆಂಕಟಪ್ಪಗೌಡರು, ತಾಯಿ ಸೀತಮ್ಮನವರು. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಕಾಡು, ಬೆಟ್ಟ, ಅಡಿಕೆ ತೋಟಗಳ ನಡುವಣ ಆ ಮನೆಗೆ ಸಮೀಪದಲ್ಲಿ ಶಾಲೆಯಿರಲಿಲ್ಲ. ಮನೆಯಲ್ಲೇ ಉಪಾಧ್ಯಾಯರೊಬ್ಬರನ್ನು ಇಟ್ಟುಕೊಂಡು ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಲಾಯಿತು. ಮುಂದೆ ತೀರ್ಥಹಳ್ಳಿಯ ಮಾಧ್ಯಮಿಕ ಶಾಲೆಗೆ ಸೇರಿದ ಬಾಲಕ, ಹನ್ನೆರಡರ ಪ್ರಾಯದಲ್ಲೇ ತಂದೆಯನ್ನು ಕಳೆದುಕೊಂಡ. ಪ್ರೌಢಶಿಕ್ಷಣಕ್ಕಾಗಿ ಮೈಸೂರಿಗೆ ಬಂದು ವೆಸ್ಲಿಯನ್ ಮಿಷನ್ನಿನ ಪ್ರೌಢಶಾಲೆಯನ್ನು ಸೇರಿದ. ಕ್ರೈಸ್ತ ಮಿಷನರಿಗಳ ಶಾಲೆಯೊಂದು ಮಲೆನಾಡಿನ ಈ ಹುಡುಗನಿಗೆ ವಿಶಾಲವಾದ ಲೋಕವನ್ನು ತೋರಿಸಿತೆಂಬುದು ನಮಗೆ ಸಂತೋಷದ ವಿಷಯ.

ಆ ದಿನಗಳಲ್ಲಿ ಅವರು ಕವಿತೆ ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ. 1922ರಲ್ಲಿ ಅವರ ಇಂಗ್ಲಿಷ್ ಕವನಗಳ ಕಿರುಪುಸ್ತಕವೊಂದು ಅಚ್ಚಾಯಿತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸರು ಮೈಸೂರಿಗೆ ಬಂದಾಗ ತರುಣ ಪುಟ್ಟಪ್ಪನು ತನ್ನ ಪದ್ಯಗಳನ್ನು ಅವರಿಗೆ ತೋರಿಸಿದ. ಮೆಚ್ಚುಗೆಯನ್ನು ನಿರೀಕ್ಷಿಸಿದವನಿಗೆ ದೊರೆತದ್ದು, ನಿನ್ನ ತಾಯ್ನುಡಿಯಲ್ಲಿ ಏಕೆ ಬರೆಯಬಾರದು ಎಂಬ ಪ್ರಶ್ನೆ. ಮೊದಲು ನಿರಾಶೆಯಾದರೂ ಆ ಪ್ರಶ್ನೆ ಅಂತರಂಗದಲ್ಲಿ ಬೇರೂರಿತು. ಪರನಾಡಿನ ಅತಿಥಿಯೊಬ್ಬರ ಮಾತಿನಿಂದ ಕನ್ನಡಕ್ಕೆ ಮಹಾಕವಿಯೊಬ್ಬರು ದೊರೆತರು. ತಾಯ್ನುಡಿಯಲ್ಲಿ ತಾವು ಕಂಡುಕೊಂಡ ಶಕ್ತಿಯನ್ನು ನಾಡಿನ ಪ್ರತಿಯೊಂದು ಮಗುವೂ ಕಂಡುಕೊಳ್ಳಬೇಕೆಂಬ ಹಂಬಲ ಮುಂದೆ ಉಪಕುಲಪತಿ ಕುವೆಂಪುರವರನ್ನು ನಡೆಸಿದ ಹಂಬಲವಾಯಿತು.

ಮಹಾರಾಜ ಕಾಲೇಜಿನಲ್ಲಿ 1927ರಲ್ಲಿ ಬಿ.ಎ. ಪದವಿಯನ್ನು ಪಡೆದ ಅವರು ಕನ್ನಡ ಎಂ.ಎ. ತರಗತಿಗೆ ಸೇರಿದರು. ಇಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಮೈಸೂರು ವಿಶ್ವವಿದ್ಯಾನಿಲಯ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರ ಜುಲೈ 27ರಂದು ಸ್ಥಾಪನೆಯಾಯಿತು. ಕನ್ನಡ ನಾಡಿನ ನಡುವೆ, ಕನ್ನಡಿಗ ಪ್ರಜೆಗಳ ತೆರಿಗೆಯಿಂದ ನಡೆಯುತ್ತಿದ್ದ ಆ ವಿಶ್ವವಿದ್ಯಾನಿಲಯದಲ್ಲಿ ಕನ್ನಡವನ್ನು ಎಂ.ಎ. ಮಟ್ಟದಲ್ಲಿ ಓದುವ ಅವಕಾಶ ಉಂಟಾಗಲು ಹನ್ನೊಂದು ವರ್ಷಗಳು ಬೇಕಾದುವು. 1927ರಲ್ಲಿ ಆರಂಭವಾದ ಆ ತರಗತಿಯ ಮೊದಲ ತಂಡದಲ್ಲಿ ಕುವೆಂಪುರವರೂ ಒಬ್ಬರು. ಗುರುಗಳಾದ ಟಿ. ಎಸ್. ವೆಂಕಣ್ಣಯ್ಯನವರ ವಾತ್ಸಲ್ಯವನ್ನು ಅವರು ಎಂದೂ ಮರೆಯಲಿಲ್ಲ. ತಮ್ಮ ಮಹಾಕಾವ್ಯವನ್ನು ಆ ಗುರುವಿಗೇ ಅರ್ಪಿಸಿದರು.

ಅಧ್ಯಾಪಕ ವೃತ್ತಿ

1929ರಲ್ಲಿ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾದ ಕುವೆಂಪುರವರು 1936ರಲ್ಲಿ ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಬಂದು ಕೆಲಕಾಲ ಇಲ್ಲಿ ಪಾಠ ಹೇಳಿದರು. ಮುಂದೆ ಮೈಸೂರಿಗೆ ಹಿಂದಿರುಗಿ ಪ್ರಾಧ್ಯಾಪಕರಾದರು, 1955ರಲ್ಲಿ ಮಹಾರಾಜ ಕಾಲೇಜಿನ ಪ್ರಾಂಶುಪಾಲರಾದರು. ಈ ಅವಧಿಯಲ್ಲೇ ಅವರ ಸಾಹಿತ್ಯ ಹೊಳೆಯಂತೆ ಹರಿಯಿತು. 1928ರ ಜಲಗಾರ ನಾಟಕದಲ್ಲಿ ಬೀದಿ ಗುಡಿಸುವ ಬಡವನಿಗೆ ಶಿವನು ತಾನೂ ಜಲಗಾರನಾಗಿ ದರ್ಶನವೀಯುತ್ತಾನೆ. ಹಸಿದವನಲ್ಲಿಯೂ ಬಟ್ಟೆಯಿಲ್ಲದವನಲ್ಲಿಯೂ ತಮ್ಮನ್ನೇ ಕಾಣಬೇಕೆಂದು ಬೋಧಿಸಿದ ಪ್ರಭು ಯೇಸುವಿನ ಶಿಷ್ಯರಿಗೆ ಈ ನಾಟಕದ ತಿರುಳು ಪರಕೀಯವೆನಿಸದು. 1936ರಲ್ಲಿ ಕಾನೂರು ಹೆಗ್ಗಡಿತಿ ಕಾದಂಬರಿ ಹೊರಬಂದಿತು. ಶ್ರೀರಾಮಾಯಣದರ್ಶನಂ ಮಹಾಕಾವ್ಯಕ್ಕೆ 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಆ ಕಾವ್ಯದ ಮೊದಲಲ್ಲಿ ಕವಿ ವಂದಿಸುವ ಪೂರ್ವಕವಿಗಳ ಸಾಲಿನಲ್ಲಿ ಇಟಲಿಯ ಡಾಂಟೆಯೂ ಇದ್ದಾನೆಂಬುದನ್ನು ನಮ್ಮ ಯುವಕರು ಅರಿಯಬೇಕು.

ಉಪಕುಲಪತಿ ಪದವಿ

1956ರಲ್ಲಿ, ಐವತ್ತೊಂದರ ವಯಸ್ಸಿನಲ್ಲಿ, ಕುವೆಂಪುರವರು ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ ನಿಯಮಿತರಾದರು. ಎಚ್. ವಿ. ನಂಜುಂಡಯ್ಯನವರು, ಬ್ರಜೇಂದ್ರನಾಥ ಸೀಲರು ಮೊದಲಾದ ಘನ ವಿದ್ವಾಂಸರು ಕುಳಿತಿದ್ದ ಪೀಠವದು. ಆದರೆ ಅದೇ ವಿಶ್ವವಿದ್ಯಾನಿಲಯದಲ್ಲಿ ಓದಿ ಪದವಿ ಪಡೆದವರೊಬ್ಬರು ಆ ಪೀಠವನ್ನು ಏರಿದ್ದು ಅದೇ ಮೊದಲು. ನಲವತ್ತು ವರ್ಷಗಳ ಹಿಂದೆ ನೆಟ್ಟ ಸಸಿ ತನ್ನದೇ ಫಲವನ್ನು ಕೊಟ್ಟಿತ್ತು. ಕುಪ್ಪಳಿಯಂತಹ ಕುಗ್ರಾಮದಿಂದ ಬಂದ ಒಕ್ಕಲು ಮನೆತನದ ಮಗನೊಬ್ಬ ವಿಶ್ವವಿದ್ಯಾನಿಲಯದ ಆಡಳಿತ ವಹಿಸಿದ್ದು ನಾಡಿನ ಎಷ್ಟು ಹಳ್ಳಿಗಳಲ್ಲಿ ಎಷ್ಟು ತಂದೆತಾಯಿಗಳ ಎದೆಯಲ್ಲಿ ಭರವಸೆಯನ್ನು ಮೂಡಿಸಿರಬೇಕು!

ಕಾಲವೂ ಸಾಮಾನ್ಯವಾದುದಾಗಿರಲಿಲ್ಲ. ಅದೇ ವರ್ಷ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡ ಪ್ರದೇಶಗಳು ಒಂದಾಗಿ ವಿಶಾಲ ಮೈಸೂರು ರಾಜ್ಯ ಉದಯಿಸಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯ, ಮೈಸೂರು ವಿಶ್ವವಿದ್ಯಾನಿಲಯ ಎರಡೂ ಒಂದೇ ರಾಜ್ಯದ ಸಂಸ್ಥೆಗಳಾದುವು. ಅದುವರೆಗೆ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಕಾಲೇಜುಗಳು ಮೈಸೂರಿನ ವ್ಯಾಪ್ತಿಗೆ ಬಂದುವು. ಅವುಗಳಲ್ಲಿ ಯೇಸುಸಭೆಯ ಗುರುಗಳು 1880ರಲ್ಲಿ ಸ್ಥಾಪಿಸಿದ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು, ಕನ್ಯಾಸ್ತ್ರೀಯರು 1921ರಲ್ಲಿ ಆರಂಭಿಸಿದ ಸಂತ ಆಗ್ನೆಸ್ ಮಹಿಳಾ ಕಾಲೇಜು ಇದ್ದುವು. ಬೆಂಗಳೂರು ವಿಶ್ವವಿದ್ಯಾನಿಲಯ ಇನ್ನೂ ಹುಟ್ಟಿರಲಿಲ್ಲ. ಅದು ಸ್ಥಾಪನೆಯಾದದ್ದು 1964ರಲ್ಲಿ. ನಮ್ಮ ನೆರೆಯ ಹೆಬ್ಬಾಳದ ಕೃಷಿ ಕಾಲೇಜು ಕೂಡ 1946ರಿಂದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದಿತು. ಪ್ರತ್ಯೇಕ ಕೃಷಿ ವಿಶ್ವವಿದ್ಯಾನಿಲಯವಾದದ್ದು 1964ರಲ್ಲೇ. ಹೀಗೆ ಕುವೆಂಪುರವರ ನಿರ್ಧಾರಗಳು ಮೈಸೂರಿನಿಂದ ಹೆಬ್ಬಾಳದವರೆಗೆ, ಕಡಲತೀರದವರೆಗೆ ಮಕ್ಕಳ ಬಾಳನ್ನು ಮುಟ್ಟುತ್ತಿದ್ದುವು.

ಮೂರು ಅಂಗಗಳು

ವಿಶ್ವವಿದ್ಯಾನಿಲಯಕ್ಕೆ ಮೂರು ಅಂಗಗಳಿರಬೇಕೆಂಬುದು ಕುವೆಂಪುರವರ ದೃಷ್ಟಿ. ಕಲಿಸುವುದಕ್ಕೆ ಅಧ್ಯಯನಾಂಗ, ಹೊಸದನ್ನು ಕಂಡುಹಿಡಿಯುವುದಕ್ಕೆ ಸಂಶೋಧನಾಂಗ, ಕಲಿತುದನ್ನೂ ಕಂಡುದನ್ನೂ ಜನತೆಗೆ ಹಂಚುವುದಕ್ಕೆ ಪ್ರಸಾರಾಂಗ. ಮೊದಲೆರಡು ಎಲ್ಲ ದೇಶಗಳ ವಿಶ್ವವಿದ್ಯಾನಿಲಯಗಳಲ್ಲೂ ಇವೆ. ಮೂರನೆಯದಕ್ಕೆ ಅಷ್ಟೇ ಮಹತ್ವವಿತ್ತದ್ದು ಅವರ ವೈಶಿಷ್ಟ್ಯ. ಕಾಲೇಜಿನ ಮೆಟ್ಟಿಲು ಹತ್ತಲಾಗದ ರೈತನಿಗೂ ಕೂಲಿಕಾರನಿಗೂ ವಿಶ್ವವಿದ್ಯಾನಿಲಯ ಋಣಿಯಾಗಿದೆ, ಆ ಋಣವನ್ನು ತೀರಿಸದೆ ಅದು ಪೂರ್ಣವಾಗದು ಎಂದು ಅವರು ನಂಬಿದ್ದರು.

ಅಧ್ಯಾಪಕರು ಹಳ್ಳಿಪಟ್ಟಣಗಳಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ನೀಡುವ ಪದ್ಧತಿ ಮೈಸೂರಿನಲ್ಲಿ 1930ರ ದಶಕದಲ್ಲೇ ಆರಂಭವಾಗಿದ್ದಿತು. ಆ ಉಪನ್ಯಾಸಗಳು ಅಂಗೈಯಗಲದ ಪುಸ್ತಿಕೆಗಳಾಗಿ, ಬಡವನೂ ಕೊಳ್ಳಬಲ್ಲ ಬೆಲೆಗೆ ಹೊರಬರುತ್ತಿದ್ದುವು. ಕುವೆಂಪುರವರು ಈ ಕಾರ್ಯಕ್ಕೆ ಪ್ರಸಾರಾಂಗವೆಂಬ ಹೆಸರನ್ನೂ ಹೊಸ ಬಲವನ್ನೂ ಕೊಟ್ಟು ವಿಶ್ವವಿದ್ಯಾನಿಲಯದ ಸ್ಥಿರವಾದ ವಿಭಾಗವನ್ನಾಗಿ ಬೆಳೆಸಿದರು. ಮುಂದೆ ನಾಡಿನಲ್ಲಿ ಹುಟ್ಟಿದ ಇತರ ವಿಶ್ವವಿದ್ಯಾನಿಲಯಗಳೂ ತಮ್ಮ ಪ್ರಕಟನ ವಿಭಾಗಗಳಿಗೆ ಪ್ರಸಾರಾಂಗವೆಂದೇ ಹೆಸರಿಟ್ಟುಕೊಂಡುವು. ಗುರುಮಠದಲ್ಲಿ ಕುಳಿತು ಜನರು ಬರಲೆಂದು ಕಾಯುವ ಗುರುವಿಗೂ, ಮನೆಮನೆಗೆ ನಡೆದು ಹೋಗುವ ಗುರುವಿಗೂ ಇರುವ ಅಂತರ ನಮ್ಮ ಜನರಿಗೆ ತಿಳಿದಿದೆ. ಕುವೆಂಪುರವರು ತಮ್ಮ ವಿಶ್ವವಿದ್ಯಾನಿಲಯವನ್ನು ಎರಡನೆಯ ಬಗೆಯ ಗುರುವನ್ನಾಗಿ ಮಾಡಬಯಸಿದರು.

ಕನ್ನಡ ಮಾಧ್ಯಮ

ಅವರ ಆಡಳಿತದಲ್ಲಿ ಅತ್ಯಂತ ಚರ್ಚೆಗೆ ಒಳಗಾದದ್ದು ಶಿಕ್ಷಣ ಮಾಧ್ಯಮದ ವಿಷಯ. ಅಂದು ಕಾಲೇಜಿನಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲೇ ಕಲಿಯಬೇಕಾಗಿದ್ದಿತು. ಹಳ್ಳಿಯಲ್ಲಿ ಕನ್ನಡದಲ್ಲಿ ಓದಿ ಜಾಣನೆನಿಸಿಕೊಂಡ ಹುಡುಗ ಕಾಲೇಜಿಗೆ ಬಂದೊಡನೆ ಮೂಕನಾಗುತ್ತಿದ್ದ. ಗಣಿತವನ್ನೂ ವಿಜ್ಞಾನವನ್ನೂ ಗ್ರಹಿಸುವ ಬುದ್ಧಿಯಿದ್ದರೂ ಇಂಗ್ಲಿಷಿನಲ್ಲಿ ಉತ್ತರ ಬರೆಯಲಾರದೆ ಅನುತ್ತೀರ್ಣನಾಗಿ, ತಾನು ದಡ್ಡನೆಂದು ನಂಬಿ ಊರಿಗೆ ಮರಳುತ್ತಿದ್ದ. ಪ್ರತಿವರ್ಷ ಹೀಗೆ ಬಲಿಯಾಗುತ್ತಿದ್ದ ಬಡ ಮಕ್ಕಳನ್ನು ಕಂಡು ಕುವೆಂಪುರವರ ಹೃದಯ ಬೇಯುತ್ತಿತ್ತು.

ಅವರು ಇಂಗ್ಲಿಷಿನ ದ್ವೇಷಿಗಳಾಗಿರಲಿಲ್ಲ. ಷೇಕ್ಸ್‌ಪಿಯರ್, ಮಿಲ್ಟನ್, ವರ್ಡ್ಸ್‌ವರ್ತರನ್ನು ಅವರಂತೆ ಅರಗಿಸಿಕೊಂಡವರು ವಿರಳ. ಇಂಗ್ಲಿಷನ್ನು ಒಂದು ಭಾಷೆಯಾಗಿ ಬೇಕಾದವರು ಚೆನ್ನಾಗಿ ಕಲಿಯಲಿ, ಆದರೆ ವಿದ್ಯೆಯ ಹೆಬ್ಬಾಗಿಲಿನಲ್ಲಿ ಅದನ್ನು ಕಾವಲುಗಾರನಾಗಿ ನಿಲ್ಲಿಸಬಾರದೆಂಬುದು ಅವರ ವಾದ. ಆದಕಾರಣ ಕಾಲೇಜು ತರಗತಿಗಳಲ್ಲಿ ಕನ್ನಡ ಮಾಧ್ಯಮಕ್ಕೆ ಅವರು ಅವಕಾಶ ಕಲ್ಪಿಸಿದರು. ಕನ್ನಡದಲ್ಲಿ ಪಠ್ಯಪುಸ್ತಕಗಳೆಲ್ಲಿವೆ, ಪಾರಿಭಾಷಿಕ ಪದಗಳೆಲ್ಲಿವೆ ಎಂಬ ಆಕ್ಷೇಪಗಳು ಎದ್ದುವು. ಮೊದಲು ಬೋಧನೆ ಆರಂಭವಾಗಲಿ, ಅವಶ್ಯಕತೆ ಬಿದ್ದಾಗ ಪುಸ್ತಕಗಳು ತಾವಾಗಿ ಹುಟ್ಟುತ್ತವೆ ಎಂಬುದು ಅವರ ನಿಲುವು.

ಇದು ಕೇವಲ ಕವಿಯ ಕನಸಾಗಿರಲಿಲ್ಲ. 1911ರಲ್ಲೇ ಬಿ. ಎಂ. ಶ್ರೀಕಂಠಯ್ಯನವರು ಧಾರವಾಡದಲ್ಲಿ ಕನ್ನಡದ ಏಳಿಗೆಯ ಮಾರ್ಗವನ್ನು ಕುರಿತು ಉಪನ್ಯಾಸ ಮಾಡಿದ್ದರು. 1918ರಲ್ಲಿ ಸೆಂಟ್ರಲ್ ಕಾಲೇಜಿನ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ ವಿಜ್ಞಾನವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿ, ಭೌತಶಾಸ್ತ್ರವನ್ನೂ ಕನ್ನಡದಲ್ಲಿ ಹೇಳಬಹುದೆಂದು ತೋರಿಸಿದ್ದರು. ಹಿರಿಯರು ಬಿತ್ತಿದ ಬೀಜಕ್ಕೆ ಅಧಿಕಾರದ ಬಲದಿಂದ ನೀರೆರೆಯುವ ಅವಕಾಶ ಕುವೆಂಪುರವರಿಗೆ ದೊರೆಯಿತು. ಅದನ್ನು ಅವರು ವ್ಯರ್ಥಗೊಳಿಸಲಿಲ್ಲ. ಉಪಕುಲಪತಿಯಾಗಿದ್ದಾಗಲೇ, 1957ರಲ್ಲಿ, ಧಾರವಾಡದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವನ್ನೂ ಅಲಂಕರಿಸಿದರು. 1958ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತಿತು.

ಮಾನಸಗಂಗೋತ್ರಿ

ಕುವೆಂಪುರವರ ಆಡಳಿತದ ಕಣ್ಣಿಗೆ ಕಾಣುವ ಸ್ಮಾರಕವೆಂದರೆ ಮಾನಸಗಂಗೋತ್ರಿ. ಅದುವರೆಗೆ ಸ್ನಾತಕೋತ್ತರ ತರಗತಿಗಳು ಮೈಸೂರು, ಬೆಂಗಳೂರುಗಳ ಬೇರೆ ಬೇರೆ ಕಾಲೇಜುಗಳಲ್ಲಿ ಚದುರಿದ್ದುವು. ಭೌತಶಾಸ್ತ್ರದ ವಿದ್ಯಾರ್ಥಿಗೆ ಇತಿಹಾಸದ ವಿದ್ಯಾರ್ಥಿಯ ಪರಿಚಯವಿರುತ್ತಿರಲಿಲ್ಲ. ಎಲ್ಲ ಶಾಸ್ತ್ರಗಳೂ ಒಂದೇ ಆವರಣದಲ್ಲಿ, ಒಂದೇ ಗ್ರಂಥಾಲಯದ ಸುತ್ತ, ಪ್ರಕೃತಿಯ ಮಡಿಲಲ್ಲಿ ಬೆಳೆಯಬೇಕೆಂದು ಅವರು ಬಯಸಿದರು. ಮೈಸೂರಿನ ಪಶ್ಚಿಮದಲ್ಲಿ ಕುಕ್ಕರಹಳ್ಳಿ ಕೆರೆಯ ಬಳಿ, ಜಯಲಕ್ಷ್ಮೀವಿಲಾಸ ಅರಮನೆಯ ಸುತ್ತಣ ಪ್ರದೇಶವನ್ನು ಇದಕ್ಕೆಂದು ಆರಿಸಲಾಯಿತು. ಆ ಕೆರೆಯ ದಂಡೆ ಕವಿಯ ನಿತ್ಯ ಸಂಚಾರದ ತಾಣವಾಗಿದ್ದಿತು. 1960ರಲ್ಲಿ ಅಲ್ಲಿ ಸ್ನಾತಕೋತ್ತರ ಕೇಂದ್ರ ಸ್ಥಾಪನೆಯಾಯಿತು. ಇಂದು ಆ ಆವರಣ 739 ಎಕರೆಗಳಷ್ಟು ವಿಸ್ತಾರವಾಗಿದೆ.

ಹೆಸರನ್ನಿಟ್ಟವರೂ ಅವರೇ. ಗಂಗೆಗೆ ಹಿಮಾಲಯದ ಗಂಗೋತ್ರಿ ಹೇಗೋ ಹಾಗೆ ಮಾನವನ ಮನಸ್ಸಿನಿಂದ ಹರಿಯುವ ಜ್ಞಾನಗಂಗೆಗೆ ಈ ಸ್ಥಳ ಉಗಮವಾಗಲೆಂಬುದು ಆ ಹೆಸರಿನ ಭಾವ. ಗಂಗೋತ್ರಿಯಲ್ಲಿ ಹುಟ್ಟಿದ ನೀರು ಅಲ್ಲೇ ನಿಲ್ಲುವುದಿಲ್ಲ. ಬಯಲಿಗಿಳಿದು ಗದ್ದೆಗಳನ್ನು ತಣಿಸುತ್ತದೆ. ಆ ಹೆಸರಿನ ಮಾದರಿ ನಾಡಿಗೆಷ್ಟು ಹಿಡಿಸಿತೆಂದರೆ ಬೆಂಗಳೂರು, ಮಂಗಳೂರು, ಕಲಬುರಗಿ ವಿಶ್ವವಿದ್ಯಾನಿಲಯಗಳೂ ತಮ್ಮ ಆವರಣಗಳಿಗೆ ಜ್ಞಾನಭಾರತಿ, ಮಂಗಳಗಂಗೋತ್ರಿ, ಜ್ಞಾನಗಂಗಾ ಎಂಬ ಕನ್ನಡದ ಸೊಗಸಾದ ಹೆಸರುಗಳನ್ನಿಟ್ಟುಕೊಂಡುವು.

ನಿವೃತ್ತಿ ಮತ್ತು ಕೊನೆಯ ದಿನಗಳು

1960ರಲ್ಲಿ ಕುವೆಂಪುರವರು ನಿವೃತ್ತರಾಗಿ ತಮ್ಮ ಮನೆ ಉದಯರವಿಯಲ್ಲಿ ಬರವಣಿಗೆಗೆ ಮರಳಿದರು. ಅವರು ಹಾಕಿದ ತಳಹದಿಯ ಮೇಲೆ 1966ರಲ್ಲಿ ಮಾನಸಗಂಗೋತ್ರಿಯಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಮೂಡಿತು. ಶಿಷ್ಯರಾದ ದೇ. ಜವರೇಗೌಡರು ಅದನ್ನು ಬೆಳೆಸಿ, ಮುಂದೆ ತಾವೂ ಉಪಕುಲಪತಿಗಳಾದರು. ಆ ಸಂಸ್ಥೆ ಇಂದು ಕುವೆಂಪುರವರ ಹೆಸರನ್ನೇ ಹೊತ್ತಿದೆ. 1964ರಲ್ಲಿ ರಾಷ್ಟ್ರಕವಿ ಬಿರುದು, 1967ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ, 1988ರಲ್ಲಿ ಪದ್ಮವಿಭೂಷಣ, 1992ರಲ್ಲಿ ಕರ್ನಾಟಕ ರತ್ನ ಅವರನ್ನು ಅರಸಿ ಬಂದುವು. ಕನ್ನಡಕ್ಕೆ ಜ್ಞಾನಪೀಠವನ್ನು ತಂದವರಲ್ಲಿ ಅವರೇ ಮೊದಲಿಗರು. 1987ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯಕ್ಕೆ ಅವರ ಹೆಸರನ್ನಿಡಲಾಯಿತು. 1994ರ ನವೆಂಬರ್ 11ರಂದು ಮೈಸೂರಿನಲ್ಲಿ ಅವರು ಇಹಲೋಕವನ್ನು ತ್ಯಜಿಸಿದರು. ಬಾಲ್ಯದಲ್ಲಿ ಸೂರ್ಯೋದಯ, ಸೂರ್ಯಾಸ್ತಗಳನ್ನು ನೋಡುತ್ತಿದ್ದ ಕುಪ್ಪಳಿಯ ಕವಿಶೈಲದಲ್ಲಿ ಅವರ ಅಂತ್ಯಸಂಸ್ಕಾರ ನಡೆಯಿತು. 2004ರಲ್ಲಿ ರಾಜ್ಯ ಸರ್ಕಾರ ನಾಡಗೀತೆಯೆಂದು ಅಂಗೀಕರಿಸಿದ ಅವರ ಗೀತೆಯಲ್ಲಿ ಈ ನಾಡಿನ ಮಕ್ಕಳೆಂದು ಕ್ರೈಸ್ತರನ್ನೂ ಹೆಸರಿಸಿರುವುದನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಹಾಡುವಾಗ ನೆನೆಯಲಿ.

ನಮ್ಮ ಕರ್ತವ್ಯ

ಕುವೆಂಪುರವರ ಎಲ್ಲ ವಿಚಾರಗಳೂ ನಮಗೆ ಸುಲಭವಾಗಿ ಒಪ್ಪಿಗೆಯಾಗುವಂಥವಲ್ಲ. ಪುರೋಹಿತಶಾಹಿಯನ್ನೂ ಮತಮತಗಳ ಗೋಡೆಗಳನ್ನೂ ಅವರು ಕಟುವಾಗಿ ಖಂಡಿಸಿದರು. ಪ್ರತಿ ಮಗುವೂ ಹುಟ್ಟುವಾಗ ವಿಶ್ವಮಾನವನಾಗಿಯೇ ಹುಟ್ಟುತ್ತದೆ, ಬೆಳೆಬೆಳೆಯುತ್ತ ನಾವು ಅದನ್ನು ಜಾತಿಮತಗಳ ಕಟ್ಟಿಗೆ ಸಿಲುಕಿಸುತ್ತೇವೆ ಎಂಬುದು ಅವರ ನೋವು. ಧರ್ಮಸಭೆಯ ಸಂಸ್ಕಾರಗಳಲ್ಲಿ ಕೃಪೆಯನ್ನು ಕಾಣುವ ನಾವು ಅವರ ಎಲ್ಲ ತೀರ್ಮಾನಗಳಿಗೂ ಸಹಿ ಹಾಕಲಾರೆವು. ಆದರೆ ಗುರುವಿನ ಸ್ಥಾನವನ್ನು ಅಧಿಕಾರವೆಂದು ಬಗೆಯುವವರಿಗೆ ಅವರ ಮಾತು ಚುಚ್ಚಿದರೆ ಅದು ಚುಚ್ಚಲೇಬೇಕಾದ ಮಾತು. ಹೊರಗಿನವರ ಬಾಯಿಂದಲೂ ದೇವರು ಎಚ್ಚರಿಸಬಲ್ಲರು.

ಅವರ ಕನಸು ಪೂರ್ಣವಾಗಿ ನನಸಾಯಿತೆಂದು ಹೇಳಲಾಗದು. ಕಲಾ ವಿಷಯಗಳಲ್ಲಿ ಕನ್ನಡ ಮಾಧ್ಯಮ ನೆಲೆಯೂರಿತು, ಸಹಸ್ರಾರು ಗ್ರಾಮೀಣ ಮಕ್ಕಳು ಅದರಿಂದ ಪದವೀಧರರಾದರು. ವಿಜ್ಞಾನ, ವೈದ್ಯ, ಇಂಜಿನಿಯರಿಂಗ್ ವಿದ್ಯೆಗಳಲ್ಲಿ ಇಂಗ್ಲಿಷೇ ಉಳಿಯಿತು. ಪ್ರಾಥಮಿಕ ಶಾಲೆಗಳಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರಲಾಗದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಅತ್ತ 2017ರಿಂದ ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯುವ ಅವಕಾಶ ಬಂದಿತು. ಹೀಗೆ ಈ ಪ್ರಶ್ನೆ ಇನ್ನೂ ಜೀವಂತವಾಗಿದೆ, ನಮ್ಮ ಮನೆಗಳಲ್ಲೇ ಜೀವಂತವಾಗಿದೆ. 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಕಾರ್ಖಾನೆಗಳು ನೆರೆಯ ಜಾಲಹಳ್ಳಿಯಲ್ಲಿ ತಲೆಯೆತ್ತಿದ ಮೇಲೆ ಈ ಭಾಗದ ಹಳ್ಳಿಗಳ ತಂದೆತಾಯಿಗಳು ಮಕ್ಕಳಿಗೆ ಇಂಗ್ಲಿಷ್ ಬೇಕೆಂದು ಬಯಸಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ಅನ್ನದ ಚಿಂತೆಯಿಂದ ಹುಟ್ಟಿದ ಬಯಕೆಯದು. ಆದರೆ ಮೊಮ್ಮಗಳು ಅಜ್ಜಿಯ ಪತ್ರವನ್ನು ಓದಲಾರದೆ ಹೋದರೆ, ಶುಭಸಂದೇಶವನ್ನು ಕನ್ನಡದಲ್ಲಿ ವಾಚಿಸಲು ಯುವಕರು ಮುಂದೆ ಬಾರದೆ ಹೋದರೆ, ಗಳಿಸಿದುದರ ಜೊತೆಗೆ ಕಳೆದುಕೊಂಡುದನ್ನೂ ನಾವು ಎಣಿಸಬೇಕಾಗುತ್ತದೆ.

ನಮ್ಮ ಧರ್ಮಸಭೆ ಇದೇ ಹಾದಿಯನ್ನು ನಡೆದು ಬಂದಿದೆ. ನಮ್ಮ ಅಜ್ಜ ಅಜ್ಜಿಯರು ಲತೀನಿನ ಬಲಿಪೂಜೆಯಲ್ಲಿ ಜಪಸರ ಹಿಡಿದು ಮೌನವಾಗಿ ಪಾಲ್ಗೊಳ್ಳುತ್ತಿದ್ದರು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ದೈವಾರಾಧನೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ಕುವೆಂಪುರವರು ಉಪಕುಲಪತಿ ಪೀಠದಿಂದ ಇಳಿದು ಮೂರೇ ವರ್ಷಗಳಾಗಿದ್ದುವು. ಪವಿತ್ರಾತ್ಮರು ಇಳಿದು ಬಂದ ಪಂಚಾಶತ್ತಮದ ದಿನ ಜೆರುಸಲೇಮಿನಲ್ಲಿ ನೆರೆದವರೆಲ್ಲರೂ ದೇವರ ಮಹತ್ಕಾರ್ಯಗಳನ್ನು ತಮ್ಮ ತಮ್ಮ ನುಡಿಯಲ್ಲೇ ಕೇಳಿದರಷ್ಟೆ. ದೈವವಾಕ್ಯಕ್ಕೆ ಯಾವ ತಾಯ್ನುಡಿಯೂ ಕಿರಿದಲ್ಲವೆಂದ ಮೇಲೆ ಮಾನವನ ವಿದ್ಯೆಗೆ ಅದು ಕಿರಿದಾಗುವುದುಂಟೆ?

ಈ ಧರ್ಮಕೇಂದ್ರದ ಮನೆಗಳಲ್ಲಿ ತಮಿಳು, ತೆಲುಗು, ಕೊಂಕಣಿಗಳನ್ನಾಡುವವರೂ ಇದ್ದೀರಿ. ಕುವೆಂಪುರವರ ಸಂದೇಶ ನಿಮ್ಮ ನುಡಿಗೆ ವಿರೋಧವಾದುದಲ್ಲ. ತಾಯಿಯ ನುಡಿಯನ್ನು ಪ್ರೀತಿಸಿ, ನೆಲದ ನುಡಿಯನ್ನು ಗೌರವಿಸಿ, ಲೋಕದ ನುಡಿಯನ್ನು ಅರಿತು ಬಾಳುವುದೇ ವಿಶ್ವಮಾನವನ ಲಕ್ಷಣ. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಾವು ಒಂದು ಸಂಕಲ್ಪವನ್ನು ಮಾಡೋಣ. ಕಲಿತವರು ವಾರಕ್ಕೊಂದು ಸಂಜೆಯಾದರೂ ದೇವಾಲಯದ ಆವರಣದಲ್ಲಿ ಬಡ ಮಕ್ಕಳಿಗೆ, ಅವರಿಗೆ ತಿಳಿಯುವ ಮಾತಿನಲ್ಲಿ, ಗಣಿತವನ್ನೋ ವಿಜ್ಞಾನವನ್ನೋ ಹೇಳಿಕೊಡಲಿ. ಅದೇ ನಮ್ಮ ಧರ್ಮಕೇಂದ್ರದ ಪ್ರಸಾರಾಂಗವಾಗಲಿ. ಅಂತಹ ಮಕ್ಕಳಲ್ಲಿ ಒಬ್ಬರಾದರೂ ನಾಳೆ ಹಿರಿಯ ವಿದ್ಯಾಪೀಠವನ್ನೇರಿ, ಹಿಂದೆ ಬರುವವರಿಗಾಗಿ ಬಾಗಿಲನ್ನು ತೆರೆದಿಟ್ಟರೆ ನಮ್ಮ ಶತಮಾನೋತ್ಸವ ಸಾರ್ಥಕವಾದಂತೆ. ಸಕಲ ಜ್ಞಾನದ ಮೂಲನಾದ ಸರ್ವೇಶ್ವರನು ನಮ್ಮ ಮಕ್ಕಳನ್ನೂ ಅವರ ಗುರುಗಳನ್ನೂ ಆಶೀರ್ವದಿಸಲಿ.